ಬ್ರೇಕ್ ಮುಟ್ಟಲೇ ಇಲ್ಲ, ಆದರೂ ಕಾರು ಗಿರ್ರನೆ ತಿರುಗಿತು!

ಗಾಡಿ ಮಾತು: ಓದುಗರ ಪ್ರಶ್ನೆಗೆ ಗೋಣಿಕೊಪ್ಪದ ಗ್ಯಾರೇಜಿನಿಂದ ಉತ್ತರ

ಪ್ರಶ್ನೆ: ಸರ್, ನನ್ನ ತಮ್ಮ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹೋದ ವರ್ಷ ಎರಡು ಸೀಟಿನ ಸ್ಪೋರ್ಟ್ಸ್ ಕಾರೊಂದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ. ಇಂಜಿನ್ ಸೀಟಿನ ಬೆನ್ನಿಗೇ ಇದೆ, ಮುಂದಿನ ಬಾನೆಟ್ ತೆಗೆದರೆ ಬರೀ ಡಿಕ್ಕಿ. ಕಕ್ಕಡ ಹದಿನೆಂಟಕ್ಕೆ (ಮಳೆಗಾಲದಲ್ಲಿ ಬರುವ ನಮ್ಮ ಕೊಡಗಿನ ಮದ್ದು ಪಾಯಸದ ಹಬ್ಬ) ಊರಿಗೆ ಬರುವಾಗ ಕುಶಾಲನಗರದಲ್ಲಿ ನನ್ನನ್ನೂ ಹತ್ತಿಸಿಕೊಂಡ. ಸುಂಟಿಕೊಪ್ಪ ದಾಟಿ ಮಡಿಕೇರಿ ಕಡೆ ಹೋಗುತ್ತಿದ್ದೆವು. ಜೋರು ಮಳೆ ಇರಲಿಲ್ಲ, ಸುಮ್ಮನೆ ಸೋನೆ. ಸ್ಪೀಡ್ 60ರ ಹತ್ತಿರ. ಬಲಕ್ಕೆ ಒಂದು ತಿರುವಿನ ಮಧ್ಯದಲ್ಲಿ ಎದುರಿಗೆ ಪಿಕಪ್ ಬಂತು. ತಮ್ಮ ಗಾಬರಿಯಾಗಿ ಆಕ್ಸಿಲರೇಟರ್‌ನಿಂದ ಕಾಲು ಎತ್ತಿದ, ಅಷ್ಟೇ. ಕಾರಿನ ಹಿಂಭಾಗ ಎಡಕ್ಕೆ ಜಾರಿತು. ಅವನು ಸ್ಟೇರಿಂಗ್ ಎಡಕ್ಕೆ ಎಳೆದ. ತಕ್ಷಣ ಯಾರೋ ಎತ್ತಿ ಎಸೆದ ಹಾಗೆ ಇನ್ನೊಂದು ಕಡೆ ತಿರುಗಿ, ಮೂತಿ ಎಡಗಡೆಯ ಬರೆಗೆ (ರಸ್ತೆ ಪಕ್ಕದ ಮಣ್ಣಿನ ದಿಬ್ಬಕ್ಕೆ) ಬಡಿದು ಚರಂಡಿಯಲ್ಲಿ ನಿಂತಿತು. ಮೀಟರ್ ಹತ್ತಿರ ಒಂದು ಹಳದಿ ದೀಪ ಮಿನುಗಿದ್ದು ನನಗೆ ನೆನಪಿದೆ. ಸೌಂಡ್ ಚೆನ್ನಾಗಿರುತ್ತದೆ ಅಂತ ಅವನು ಸ್ಪೋರ್ಟ್ ಬಟನ್ ಒತ್ತಿಟ್ಟಿದ್ದ. ಬ್ರೇಕ್ ಮುಟ್ಟಿಲ್ಲ, ರೈಸ್ ಮಾಡಿಲ್ಲ, ಎಲ್ಲ ರಸ್ತೆಯದೇ ತಪ್ಪು ಅನ್ನುತ್ತಾನೆ. ಅಪ್ಪ, ಗಾಡಿಯೇ ಸರಿ ಇಲ್ಲ, ಮಾರು ಅನ್ನುತ್ತಾರೆ. ಯಾರು ಸರಿ? ನಾಲ್ಕೂ ಟೈರಿನ ಫೋಟೊ ಜೊತೆಗಿಟ್ಟಿದ್ದೇನೆ.
(ಹೆಸರು ಬೇಡ, ಮೂರ್ನಾಡು)

ಉತ್ತರ: ಇಬ್ಬರಿಗೂ ಪೆಟ್ಟಾಗಲಿಲ್ಲ, ಮೊದಲು ಅದಕ್ಕೆ ಸಮಾಧಾನ. ತಗಡು ಮತ್ತೆ ಸಿಗುತ್ತದೆ. ಆ ಕಾರಿನ ತಗಡಿಗೆ ಎಷ್ಟು ಕೊಡಬೇಕು ಅನ್ನೋದನ್ನು ಮಾತ್ರ ಅಪ್ಪನಿಗೆ ಈಗಲೇ ಹೇಳಬೇಡಿ.

ನೋಡಿ ತಂಗಿ, ನಿಮ್ಮ ತಮ್ಮ ಸುಳ್ಳು ಹೇಳುತ್ತಿಲ್ಲ. ಬ್ರೇಕ್ ಒತ್ತಿರಲಿಕ್ಕಿಲ್ಲ. ಒತ್ತುವ ಅಗತ್ಯವೇ ಇರಲಿಲ್ಲ. ಒದ್ದೆ ರಸ್ತೆ, ತಿರುವಿನ ನಡುಭಾಗ, ಇಂಜಿನ್ ಬೆನ್ನ ಹಿಂದೆ. ಇಷ್ಟಿದ್ದರೆ ಕಾಲು ಎತ್ತಿದ್ದೇ ಸಾಕು. 'ನಾನು ಏನೂ ಮಾಡಲಿಲ್ಲ' ಅಂತ ಹೇಳುವ ಹುಡುಗರನ್ನು ನಾನು ರ‍್ಯಾಲಿಗಳಿಗೆ ಸರ್ವಿಸ್ ಹುಡುಗನಾಗಿ ಹೋಗುತ್ತಿದ್ದ ಕಾಲದಿಂದ ನೋಡುತ್ತಿದ್ದೇನೆ. ಅವರು ಮಾಡಿದ್ದು ಒಂದೇ, ತಿರುವಿನಲ್ಲಿ ಕಾಲು ಎತ್ತಿದ್ದು. ಅದನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಯಾಕೆ ಹೀಗಾಗುತ್ತದೆ? ನಮ್ಮ ಮನೆಗಳಲ್ಲಿರುವ ಸಣ್ಣ ಕಾರುಗಳಲ್ಲಿ ಇಂಜಿನ್ ಮುಂದೆ, ಅದು ಎಳೆಯುವುದೂ ಮುಂದಿನ ಚಕ್ರವನ್ನೇ. ತಿರುವಿನಲ್ಲಿ ಹೆದರಿ ಕಾಲು ಎತ್ತಿದರೆ ಇಂಜಿನ್ನಿನ ತಡೆ ಮುಂದಿನ ಚಕ್ರಕ್ಕೆ ಬೀಳುತ್ತದೆ, ಕಾರು ನಿಧಾನವಾಗಿ ಸ್ವಲ್ಪ ಒಳಗೆ ಸರಿಯುತ್ತದೆ. ಹೆಚ್ಚಿನ ಸಲ ಅದೇ ಬೇಕಾಗಿರುತ್ತದೆ. ವರ್ಷಗಟ್ಟಲೆ ಇಂಥ ಗಾಡಿ ಓಡಿಸಿದವರ ಕಾಲು ಯಾರನ್ನೂ ಕೇಳುವುದಿಲ್ಲ. ಹೆದರಿಕೆ ಆದ ಕೂಡಲೇ ತಾನೇ ಮೇಲೆ ಬರುತ್ತದೆ.

ನಿಮ್ಮ ತಮ್ಮನ ಕಾರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಭಾರ ಹಿಂದಿನ ಟೈರ್ ಮೇಲಿದೆ, ಓಡಿಸುವುದೂ ಹಿಂದಿನ ಚಕ್ರವೇ. ಕಾಲು ಎತ್ತಿದ ಕ್ಷಣ ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ. ಭಾರ ಮುಂದಕ್ಕೆ ವಾಲಿ ಹಿಂದಿನ ಟೈರ್ ನೆಲಕ್ಕೆ ಒತ್ತುವುದು ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ಇಂಜಿನ್ನಿನ ತಡೆ ಪೂರ್ತಿ ಹಿಂದಿನ ಚಕ್ರಕ್ಕೇ ಬೀಳುತ್ತದೆ. ಒಂದು ಟೈರಿಗೆ ಇರುವ ಹಿಡಿತ ಇಷ್ಟೇ ಅಂತ ಇರುತ್ತದಲ್ಲ, ಅದನ್ನು ನಿಧಾನ ಮಾಡುವುದಕ್ಕೆ ಖರ್ಚು ಮಾಡಿದರೆ ತಿರುವಿನಲ್ಲಿ ಕಾರನ್ನು ಅಡ್ಡ ಜಾರದ ಹಾಗೆ ಹಿಡಿಯಲು ಉಳಿಯುವುದು ಕಡಿಮೆ. ಒಣ ರಸ್ತೆಯಲ್ಲಿ ಆ ಉಳಿದಿದ್ದೇ ಸಾಕಾಗುತ್ತದೆ, ಆದ್ದರಿಂದಲೇ ಅವನಿಗೆ ಇಷ್ಟು ದಿನ ಗೊತ್ತಾಗಲಿಲ್ಲ. ಸೋನೆಯಲ್ಲಿ ಸಾಕಾಗಲಿಲ್ಲ.

ಸ್ಪೋರ್ಟ್ ಬಟನ್ ಇಲ್ಲೇ ಕೆಲಸ ಕೆಡಿಸಿತು. ಆ ಮೋಡ್‌ನಲ್ಲಿ ಗೇರ್‌ಬಾಕ್ಸ್ ಕೆಳಗಿನ ಗೇರನ್ನೇ ಹಿಡಿದುಕೊಂಡಿರುತ್ತದೆ, ಇಂಜಿನ್ ಜಾಸ್ತಿ ತಿರುಗುತ್ತಿರುತ್ತದೆ. ಅವನಿಗೆ ಬೇಕಾದ ಸೌಂಡ್ ಬರುವುದು ಅದರಿಂದಲೇ. ಆದರೆ ಕೆಳಗಿನ ಗೇರಿನಲ್ಲಿ ಕಾಲು ಎತ್ತಿದರೆ ಇಂಜಿನ್ನಿನ ತಡೆ ಇನ್ನೂ ಜೋರು. ಅವನು ಬ್ರೇಕ್ ಒತ್ತಲಿಲ್ಲ ನಿಜ. ಆದರೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬ್ರೇಕ್ ಬಿದ್ದ ಹಾಗಾಯಿತು.

ಅಷ್ಟು ಬೇಗ ಹೇಗೆ ತಿರುಗಿತು ಅನ್ನೋದಕ್ಕೂ ಕಾರಣ ಇದೆ. ಉದ್ದದ ಒಂದು ಬಿದಿರು ಗಳು ತೆಗೆದುಕೊಳ್ಳಿ. ಎರಡು ತುದಿಗೂ ಒಂದೊಂದು ಗೊಬ್ಬರದ ಚೀಲ ಕಟ್ಟಿ, ನಡು ಹಿಡಿದು ಅಡ್ಡಡ್ಡ ತಿರುಗಿಸಿ ನೋಡಿ. ಸುಲಭಕ್ಕೆ ಅಲುಗುವುದಿಲ್ಲ. ಅದೇ ಚೀಲಗಳನ್ನು ಕೈ ಹತ್ತಿರ ತಂದು ಕಟ್ಟಿ ತಿರುಗಿಸಿ, ಸರಕ್ಕನೆ ತಿರುಗುತ್ತದೆ. ಭಾರವನ್ನೆಲ್ಲ ನಡುವಿಗೆ ತರುವುದೇ ಇಂಥ ಕಾರಿನ ಉದ್ದೇಶ. 1959ರಲ್ಲಿ ಜ್ಯಾಕ್ ಬ್ರಾಭಮ್ ಇಂಜಿನ್ ಬೆನ್ನ ಹಿಂದಿದ್ದ ಕೂಪರ್ ಕಾರಿನಲ್ಲಿ ಫಾರ್ಮುಲಾ 1 ಚಾಂಪಿಯನ್ ಆದ ಮೇಲೆ ಒಂದೆರಡು ವರ್ಷದಲ್ಲೇ ಆ ರೇಸಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಇಂಜಿನ್ನನ್ನು ಹಿಂದಕ್ಕೆ ತಂದರು. ಸ್ಟೇರಿಂಗ್ ಸ್ವಲ್ಪ ಮುಟ್ಟಿದರೂ ಕಾರು ತಿರುಗಬೇಕು ಅಂತ ಮಾಡಿದ್ದು. ತಿರುಗಬಾರದ ಹೊತ್ತಿನಲ್ಲೂ ಅದು ಅಷ್ಟೇ ಚುರುಕು.

ಇನ್ನು ಆ ಎರಡನೇ ಎಸೆತ. ಹಿಂಭಾಗ ಎಡಕ್ಕೆ ಹೋದಾಗ ಸ್ಟೇರಿಂಗನ್ನೂ ಎಡಕ್ಕೆ ತಿರುಗಿಸಿದ್ದು ಸರಿ. ಅಷ್ಟಾದರೂ ಮಾಡಿದನಲ್ಲ. ಆದರೆ ಅದನ್ನು ಅಲ್ಲೇ ಹಿಡಿದುಕೊಂಡ. ಹಿಂದಿನ ಟೈರಿಗೆ ಹಿಡಿತ ವಾಪಸ್ ಸಿಗುವ ಹೊತ್ತಿಗೆ ಮುಂದಿನ ಚಕ್ರ ನೆಟ್ಟಗಾಗಿರಬೇಕು. ಆಗಿರದಿದ್ದರೆ ಮುಂದಿನ ಚಕ್ರ ನೋಡುತ್ತಿರುವ ಕಡೆಗೇ ಕಾರು ಹಾರುತ್ತದೆ. ಮೊದಲಿನ ಜಾರುವಿಕೆಗಿಂತ ಇದು ಜೋರಾಗಿರುತ್ತದೆ, ಯಾಕೆಂದರೆ ಬಾಗಿದ್ದ ಸ್ಪ್ರಿಂಗುಗಳೂ ಆಗಲೇ ಬಿಚ್ಚಿಕೊಳ್ಳುತ್ತವೆ. ಓದುವುದಕ್ಕೆ ಇದು ಸುಲಭ. ಮಾಡುವುದಕ್ಕೆ ಅರ್ಧ ಸೆಕೆಂಡೂ ಸಿಗುವುದಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಕೊಯ್ಲಾದ ಗದ್ದೆಯಲ್ಲಿ ಆಟೋಕ್ರಾಸ್ (ಮಣ್ಣಿನ ಮೇಲಿನ ಕಾರು ರೇಸ್) ಓಡಿಸುವ ಹುಡುಗರಿಗೆ ಈ ಕೈಚಳಕ ಬರುತ್ತದೆ. ಗದ್ದೆಯಲ್ಲಿ ತಪ್ಪಿದರೆ ಕಾರಿಗೆ ಧೂಳು ಮೆತ್ತಿಕೊಳ್ಳುತ್ತದೆ, ಅಷ್ಟೇ. ಮಡಿಕೇರಿ ರಸ್ತೆಯಲ್ಲಿ ಒಂದು ಕಡೆ ಬರೆ, ಇನ್ನೊಂದು ಕಡೆ ಇಳಿಜಾರು, ಎದುರಿಗೆ ಪಿಕಪ್.

ಈಗ ಟೈರಿನ ಫೋಟೊ. ನಿಜ ಹೇಳಲಾ, ಅದನ್ನು ನೋಡಿದ ಮೇಲೆ ನಿಮ್ಮ ಪತ್ರವನ್ನು ಇನ್ನೊಂದು ಸಲ ಓದಿದೆ. ಮುಂದಿನ ಟೈರಿನಲ್ಲಿ ಬಟನ್ (ಗೀರುಗಳಿರುವ ಮೇಲಿನ ರಬ್ಬರ್) ಚೆನ್ನಾಗಿದೆ, ಅರ್ಧಕ್ಕಿಂತ ಮೇಲಿದೆ. ಹಿಂದಿನದರಲ್ಲಿ ಗೀರಿನ ತಳದಲ್ಲಿರುವ ಸಣ್ಣ ದಿಬ್ಬ ಹೆಚ್ಚುಕಡಿಮೆ ಮೇಲಿನ ರಬ್ಬರಿಗೆ ಸಮ ಬಂದಿದೆ. ಆ ದಿಬ್ಬದ ಎತ್ತರ 1.6 ಮಿಲಿಮೀಟರ್. ಅಲ್ಲಿಗೆ ಮುಟ್ಟಿದರೆ ಟೈರ್ ಕಾನೂನಿನ ಪ್ರಕಾರವೇ ಮುಗಿದ ಹಾಗೆ. ಜೊತೆಗೆ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿ ನೋಡಿ, 3417. ಅಂದರೆ 2017ರ 34ನೇ ವಾರದಲ್ಲಿ ತಯಾರಾಗಿದ್ದು. ಅಷ್ಟು ಹಳೆಯ ರಬ್ಬರ್ ಮೇಲ್ನೋಟಕ್ಕೆ ಚೆನ್ನಾಗಿದ್ದರೂ ಗಟ್ಟಿಯಾಗಿರುತ್ತದೆ, ಒದ್ದೆ ಡಾಂಬರನ್ನು ಕಚ್ಚುವುದಿಲ್ಲ.

ಹಿಂದಿನ ಚಕ್ರ ಓಡಿಸುವ ಕಾರಿನಲ್ಲಿ ಹಿಂದಿನ ಟೈರ್ ಬೇಗ ಸವೆಯುವುದು ಸಹಜ. ಸಾಮಾನ್ಯ ಕಾರಿನಲ್ಲಿ ನಾವು ಮುಂದಿನದನ್ನು ಹಿಂದೆ ಹಾಕಿ ಸರಿದೂಗಿಸುತ್ತೇವೆ. ಇಂಥ ಕಾರಿನಲ್ಲಿ ಹಿಂದಿನ ಟೈರಿನ ಅಳತೆಯೇ ದೊಡ್ಡದು, ಅದಲು ಬದಲು ಮಾಡಲು ಬರುವುದಿಲ್ಲ. ಎಷ್ಟೋ ಮಾಲೀಕರು ಹಿಂದಿನ ಎರಡಕ್ಕೇ ಅಷ್ಟೊಂದು ದುಡ್ಡಾ ಅಂತ ಮುಂದೂಡುತ್ತಾರೆ. ಅಗಲ ಟೈರಿದ್ದರೆ ಹಿಡಿತ ಜಾಸ್ತಿ ಅನ್ನೋದು ಒಣ ರಸ್ತೆಯ ಮಾತು. ನೀರಿನ ಮೇಲೆ ಅಗಲ ಟೈರ್ ಅಷ್ಟು ನೀರನ್ನೂ ಪಕ್ಕಕ್ಕೆ ತಳ್ಳಬೇಕು. ತಳ್ಳಲು ಇರುವುದು ಗೀರುಗಳು, ಗೀರೇ ಸವೆದಿದ್ದರೆ ನೀರು ಎಲ್ಲಿಗೆ ಹೋಗಬೇಕು? ಮುಂದಿನ ಟೈರ್ ರಸ್ತೆ ಹಿಡಿದಿತ್ತು, ಹಿಂದಿನದು ಹಿಡಿದಿರಲಿಲ್ಲ. ಹಿಂಭಾಗ ಮೊದಲು ಹೋಗಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಕೊಡಗಿನ ಮಳೆಗಾಲಕ್ಕೆ 1.6ರವರೆಗೆ ಕಾಯಬೇಡಿ. 3 ಮಿಲಿಮೀಟರ್ ಬಂದಾಗಲೇ ಬದಲಾಯಿಸಿ. ಇದು ನನ್ನ ಲೆಕ್ಕ, ಟೈರ್ ಅಂಗಡಿಯವರು ಹೇಳಿಕೊಟ್ಟಿದ್ದಲ್ಲ.

ಸ್ಪೀಡ್ 60 ಅಂದರೆ ಏನು ಮಹಾ ಅಂತ ನಿಮ್ಮ ತಮ್ಮ ಕೇಳಬಹುದು. ಒಂದು ಲೆಕ್ಕ ಹೇಳುತ್ತೇನೆ. ತಿರುವಿನ ತ್ರಿಜ್ಯ 50 ಮೀಟರ್ ಅಂತ ಇಟ್ಟುಕೊಳ್ಳಿ, ಆ ರಸ್ತೆಯಲ್ಲಿ ಅಂಥ ತಿರುವುಗಳು ಬೇಕಾದಷ್ಟಿವೆ. ಅದರಲ್ಲಿ 40ರಲ್ಲಿ ಹೋದರೆ ಕಾರಿನ ತೂಕದ ಕಾಲು ಭಾಗದಷ್ಟು ಅಡ್ಡ ಹಿಡಿತ ಬೇಕು. 50ರಲ್ಲಿ ಶೇ 39ರಷ್ಟು ಬೇಕು. 60ರಲ್ಲಿ ಶೇ 57. ಒಣ ಡಾಂಬರು ಶೇ 80ರ ಆಸುಪಾಸು ಕೊಡುತ್ತದೆ. ಒದ್ದೆಯಾದರೆ ಟೈರ್, ಡಾಂಬರು ನೋಡಿಕೊಂಡು ಶೇ 40ರಿಂದ 60. ಅಂದರೆ ಕಾಲು ಎತ್ತುವ ಮೊದಲೇ ಅವನ ಹತ್ತಿರ ಇದ್ದಿದ್ದೆಲ್ಲ ಖರ್ಚಾಗಿತ್ತು. ಬರೀ 10 ಕಿ.ಮೀ. ಕಡಿಮೆ ಇದ್ದಿದ್ದರೆ ನೀವು ಈ ಪತ್ರ ಬರೆಯುತ್ತಿರಲಿಲ್ಲ.

ರಸ್ತೆಯ ತಪ್ಪು ಏನೂ ಇಲ್ಲ ಅಂತ ನಾನು ಹೇಳುವುದಿಲ್ಲ. ನಮ್ಮ ರಸ್ತೆಯ ತೊಂದರೆ ಏನೆಂದರೆ ಒಂದೇ ತಿರುವಿನಲ್ಲಿ ನಾಲ್ಕು ಥರದ ಹಿಡಿತ ಸಿಗುತ್ತದೆ. ಬಿಸಿಲು ಬೀಳದ ಮರದ ನೆರಳಿನಲ್ಲಿ ಅಂಚಿಗೆ ಪಾಚಿ. ಸ್ವಲ್ಪ ಮುಂದೆ ಸಿಲ್ವರ್ ಓಕ್ ಎಲೆ ಕೊಳೆತು ಡಾಂಬರಿಗೆ ಅಂಟಿಕೊಂಡಿರುತ್ತದೆ. ತೋಟದ ಗೇಟಿನ ಎದುರು ಟ್ರಾಕ್ಟರ್ ಚಕ್ರದಿಂದ ಬಿದ್ದ ಕೆಂಪು ಮಣ್ಣು. ಬರೆ ಜರಿದಲ್ಲಿ ಕಾಂಕ್ರೀಟ್ ತೇಪೆ. ಇಲ್ಲಿಯೇ ಹುಟ್ಟಿ ಬೆಳೆದವರ ಕಣ್ಣು ಇದನ್ನೆಲ್ಲ ತಾನಾಗಿ ನೋಡುತ್ತಿರುತ್ತದೆ. ಬೆಂಗಳೂರಿಗೆ ಹೋಗಿ ನಾಲ್ಕು ವರ್ಷವಾದರೆ ಆ ಕಣ್ಣು ಹೋಗುತ್ತದೆ. ಕಕ್ಕಡದ ಮಳೆಗಿಂತ ಹೂ ಮಳೆ (ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಮೊದಲ ಮಳೆ) ಇನ್ನೂ ಅಪಾಯ ಅಂತ ಗೊತ್ತಾ? ತಿಂಗಳುಗಟ್ಟಲೆ ಒಣಗಿದ ರಸ್ತೆಯಲ್ಲಿ ಕೂತ ಧೂಳು, ಡೀಸೆಲ್, ಆಯಿಲ್ ಎಲ್ಲ ಮೊದಲ ಹನಿಗೆ ಕಲಸಿಕೊಂಡು ಸೋಪಿನ ನೀರಾಗುತ್ತದೆ. ಕಾಫಿಯವರು ಖುಷಿಯಲ್ಲಿರುವ ದಿನವೇ ನಮ್ಮ ಗ್ಯಾರೇಜಿಗೂ ಗಾಡಿ ಜಾಸ್ತಿ ಬರುತ್ತವೆ. ಆದರೆ ಅದೇ ರಸ್ತೆಯಲ್ಲಿ ಅದೇ ದಿನ ಬಸ್ಸೂ ಹೋಗಿದೆ, ಆ ಪಿಕಪ್ಪೂ ಹೋಗಿದೆ. ಎಲ್ಲ ತಪ್ಪನ್ನೂ ರಸ್ತೆ ಮೇಲೆ ಹಾಕುವ ಹಾಗಿಲ್ಲ.

ಅಪ್ಪನ ಮಾತು? ಗಾಡಿಯೇ ಸರಿ ಇಲ್ಲ ಅನ್ನೋದೂ ಅರ್ಧ ಸತ್ಯವೇ. ಇಂಥ ಕಾರು ತಯಾರಿಸಿದವರೇ ಈ ಗುಣದ ಜೊತೆ ಗುದ್ದಾಡಿದ್ದಾರೆ. 1989ರಲ್ಲಿ ಬಂದ ಟೊಯೋಟಾ ಎಂಆರ್2 ಕಾರಿನ ಎರಡನೇ ತಲೆಮಾರು ಹಿಂಭಾಗ ದಿಢೀರ್ ಜಾರುವುದಕ್ಕೇ ಹೆಸರಾಗಿತ್ತು. ಕೆಲವೇ ವರ್ಷದಲ್ಲಿ ಕಂಪನಿ ಸಸ್ಪೆನ್ಷನ್ ಬದಲಾಯಿಸಿ ಹಿಂದಿನ ಟೈರ್ ದೊಡ್ಡದು ಮಾಡಿತು. 2003ರಲ್ಲಿ ಬಂದ ಪೋರ್ಷೆ ಕರೆರಾ ಜಿಟಿಯಲ್ಲಿ ಸ್ಟೆಬಿಲಿಟಿ ಕಂಟ್ರೋಲೇ ಇರಲಿಲ್ಲ. ಈಗಿನ ಕಾರುಗಳಲ್ಲಿ ಇರುತ್ತದೆ. ನೀವು ನೋಡಿದ ಹಳದಿ ದೀಪ ಅದೇ. ಸ್ಟೇರಿಂಗ್ ಎಷ್ಟು ತಿರುಗಿದೆ, ಕಾರು ನಿಜಕ್ಕೂ ಎಷ್ಟು ತಿರುಗುತ್ತಿದೆ ಅಂತ ಅದು ಹೋಲಿಸಿ ನೋಡುತ್ತದೆ. ತಾಳೆಯಾಗದಿದ್ದರೆ ಬೇಕಾದ ಒಂದೇ ಚಕ್ರಕ್ಕೆ ಬ್ರೇಕ್ ಹಾಕಿ ಕಾರನ್ನು ದಾರಿಗೆ ತರುತ್ತದೆ. ಒಳ್ಳೆಯ ಯಂತ್ರ. ಆದರೆ ಅದು ಕೆಲಸ ಮಾಡುವುದೂ ಟೈರಿನ ಮೂಲಕವೇ, ಇಲ್ಲದ ಹಿಡಿತವನ್ನು ಎಲ್ಲಿಂದಲೂ ತರುವುದಿಲ್ಲ. ಜೊತೆಗೆ ಎಷ್ಟೋ ಕಾರುಗಳಲ್ಲಿ ಸ್ಪೋರ್ಟ್ ಮೋಡ್ ಹಾಕಿದರೆ ಅದು ಸ್ವಲ್ಪ ತಡವಾಗಿ ಎಚ್ಚರವಾಗುತ್ತದೆ, ಡ್ರೈವರಿಗೆ ಮಜಾ ಸಿಗಲಿ ಅಂತ. ಅವನ ಕಾರಿನದು ಹೇಗೆ ಅಂತ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಓದಿಕೊಳ್ಳಲು ಹೇಳಿ. ಓದಿರುವುದಿಲ್ಲ, ಬೆಟ್ ಕಟ್ಟುತ್ತೇನೆ.

ಆ ಕ್ಷಣದಲ್ಲಿ ಅವನು ಏನು ಮಾಡಬೇಕಿತ್ತು? ಆ ಕ್ಷಣದಲ್ಲಿ ಮಾಡುವಂಥದ್ದು ಜಾಸ್ತಿ ಏನೂ ಇರಲಿಲ್ಲ. ತಿರುವಿಗೆ ಮೊದಲು ಇತ್ತು. ನೆಟ್ಟಗಿನ ರಸ್ತೆಯಲ್ಲೇ ಬ್ರೇಕ್ ಹಾಕಿ, ಗೇರ್ ಇಳಿಸುವುದಿದ್ದರೆ ಅಲ್ಲೇ ಇಳಿಸಿ ಮುಗಿಸಬೇಕು. ತಿರುವಿನೊಳಗೆ ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿ, ಒಂದೇ ಸಮ ಇರಬೇಕು. ಕಾರು ಎಳೆಯಲೂಬಾರದು, ತಡೆಯಲೂಬಾರದು. ಎದುರಿಗೆ ಗಾಡಿ ಬಂದೇ ಬರುತ್ತದೆ ಅಂತ ಅಂದುಕೊಂಡೇ ಒಳಗೆ ಹೋಗಬೇಕು. ಬಂದಾಗ ಬೆಚ್ಚಿ ಬೀಳದ ಸ್ಪೀಡಿನಲ್ಲಿದ್ದರೆ ಕಾಲು ಎತ್ತುವ ಪ್ರಮೇಯವೇ ಬರುವುದಿಲ್ಲ. ಎತ್ತಲೇಬೇಕಾದರೆ ಮೆಲ್ಲನೆ, ಕಾಲನ್ನು ಪೂರ್ತಿ ತೆಗೆಯದೆ. ಹಿಂಭಾಗ ಹೊರಟೇ ಹೋಯಿತು ಅಂದರೆ ಕಣ್ಣು ಹೋಗಬೇಕಾದ ದಾರಿಯ ಮೇಲಿರಲಿ, ಬರೆಯ ಮೇಲಲ್ಲ. ಬರೆ ನೋಡಿದವರು ಬರೆಗೇ ಹೋಗುತ್ತಾರೆ. ಪೂರ್ತಿ ಸುತ್ತಲು ಶುರುವಾದರೆ ಸ್ಟೇರಿಂಗಿನ ಸರ್ಕಸ್ ಬಿಟ್ಟು ಬ್ರೇಕನ್ನು ಪೂರ್ತಿ ಒತ್ತಿ ಹಿಡಿಯಬೇಕು, ಕ್ಲಚ್ ಪೆಡಲ್ ಇದ್ದರೆ ಅದನ್ನೂ. ಎಷ್ಟು ಬೇಗ ನಿಂತರೆ ಅಷ್ಟು ಕಡಿಮೆ ಪೆಟ್ಟು.

ಮಾರುವುದು ಬೇಡ. ಹಿಂದೆ ಎರಡು ಹೊಸ ಟೈರ್ ಹಾಕಿಸಿ. ಮುಂದಿನವು ಯಾವ ವರ್ಷದವು ಅಂತ ಫೋಟೊದಲ್ಲಿ ಕಾಣುತ್ತಿಲ್ಲ, ಹಳೆಯವಾದರೆ ನಾಲ್ಕೂ ಒಂದೇ ಕಂಪನಿಯದು, ಒಂದೇ ಮಾದರಿಯದು ಹಾಕಿಸಿ. ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಚೆನ್ನೈ ಹತ್ತಿರ ಇರುಂಗಾಟುಕೋಟೈಯಲ್ಲಿ ಇನ್ನೊಂದು ಟ್ರ್ಯಾಕ್ ಇದೆ. ಸ್ವಂತ ಕಾರು ತಂದು ಓಡಿಸುವ ದಿನಗಳು ಅಲ್ಲಿ ಇರುತ್ತವೆ. ಕಲಿಸುವವರ ಪಕ್ಕದಲ್ಲಿ ಕೂತು ಕಾರು ಹೇಗೆ ಜಾರುತ್ತದೆ ಅಂತ ಅವನು ಅಲ್ಲಿ ನೋಡಲಿ. ಕಕ್ಕಡಕ್ಕೆ ಮದ್ದು ಪಾಯಸ ತಿನ್ನಲು ಬರುವಾಗ ಮಾತ್ರ ಆ ಕಾರನ್ನು ಬೆಂಗಳೂರಿನಲ್ಲೇ ಬಿಟ್ಟು ಬಸ್ಸಿಗೆ ಬರಲು ಹೇಳಿ. ಅಪ್ಪನಿಗೂ ನಿದ್ದೆ ಬರುತ್ತದೆ.

ಪ್ರಶ್ನೆ: ಅಣ್ಣ, ಹೋದ ತಿಂಗಳೂ ನೀವು ದೊಡ್ಡ ಕಾರಿನವರ ಪ್ರಶ್ನೆಗೇ ಪುಟ ತುಂಬಿಸಿದಿರಿ. ನಮ್ಮಂಥವರ ಓಮ್ನಿ ಬಗ್ಗೆ ಯಾವಾಗ ಬರೆಯುತ್ತೀರಿ? ಕಕ್ಕಬ್ಬೆ ಕಡೆಯಿಂದ ಖಾಲಿ ಬರುವಾಗ ಇಳಿಜಾರಿನ ತಿರುವಿನಲ್ಲಿ ಹಿಂಭಾಗ ಅಲ್ಲಾಡುತ್ತದೆ. ಚೀಲ ಹಾಕಿಕೊಂಡಿದ್ದರೆ ಏನೂ ಆಗುವುದಿಲ್ಲ.
(ಓದುಗರು, ನಾಪೋಕ್ಲು)

ಉತ್ತರ: ಈ ತಿಂಗಳ ಮೊದಲ ಉತ್ತರ ಓದಿ ಬೈಯಬೇಡಿ. ನೀವೂ ಅದೇ ಜಾತಿಯವರು! ಓಮ್ನಿಯ ಮುಂದಿನ ಸೀಟ್ ಎತ್ತಿದರೆ ಏನು ಕಾಣುತ್ತದೆ? 796 ಸಿಸಿ ಇಂಜಿನ್. ಮುಂದಿನ ಚಕ್ರಗಳಿಗಿಂತ ಹಿಂದೆ, ಎರಡು ಅಚ್ಚುಗಳ ನಡುವೆ. ಓಡಿಸುವುದು ಹಿಂದಿನ ಚಕ್ರ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದು 2019ರವರೆಗೆ ತಯಾರಾದ ಈ ಗಾಡಿ ಲೆಕ್ಕ ಪ್ರಕಾರ ನಡು-ಇಂಜಿನ್ ಗಾಡಿಯೇ.

ಒಂದು ವ್ಯತ್ಯಾಸ ಇದೆ. ಸ್ಪೋರ್ಟ್ಸ್ ಕಾರಿನಲ್ಲಿ ಭಾರ ಹಿಂದೆ ಜಾಸ್ತಿ. ನಿಮ್ಮದರಲ್ಲಿ ಖಾಲಿ ಇದ್ದಾಗ ಡ್ರೈವರೂ ಇಂಜಿನ್ನೂ ಎರಡೂ ಮುಂದೆ, ಹಿಂದೆ ಬರೀ ತಗಡು. ಚೀಲ ಹೊರಲು ಅಂತ ಹಾಕಿದ ಗಟ್ಟಿ ಪಟ್ಟಿ ಸ್ಪ್ರಿಂಗ್ ಖಾಲಿ ಗಾಡಿಗೆ ಬಗ್ಗುವುದೇ ಇಲ್ಲ, ಸಣ್ಣ ಗುಂಡಿಗೂ ಚಕ್ರ ಹಾರುತ್ತದೆ. ಇಳಿಜಾರಿನಲ್ಲಿ ಭಾರ ಇನ್ನೂ ಮುಂದಕ್ಕೆ ವಾಲುತ್ತದೆ. ಆಗ ಎರಡನೇ ಗೇರಿನಲ್ಲಿ ಕಾಲು ಎತ್ತಿದರೆ ಇಂಜಿನ್ನಿನ ತಡೆ ಆ ಹಗುರ ಚಕ್ರಕ್ಕೇ ಬೀಳುತ್ತದೆ. ಮಳೆಗಾಲದಲ್ಲಿ ಮರಳಿನ ಚೀಲ ಒಂದೆರಡು ಹಾಕಿಕೊಳ್ಳಿ. ಹಿಂದಿನ ಚಕ್ರದ ನೇರ ಮೇಲೆ ಇರಲಿ, ಬಾಗಿಲ ಹತ್ತಿರ ಬೇಡ. ಹಗ್ಗ ಹಾಕಿ ಬಿಗಿಯಾಗಿ ಕಟ್ಟಿ. ಕಟ್ಟದ ಮರಳಿನ ಚೀಲ ಬ್ರೇಕ್ ಹಾಕಿದಾಗ ನಿಮ್ಮ ಬೆನ್ನಿಗೇ ಬರುತ್ತದೆ.

ಪ್ರಶ್ನೆ: ನನ್ನ ಸ್ನೇಹಿತನ ಸ್ಪೋರ್ಟ್ಸ್ ಕಾರು ಮಾದಾಪುರ ರಸ್ತೆಯಲ್ಲಿ ಜಾರಿ ಮುಂದಿನ ಮೂಲೆ ಮೋರಿಗೆ ಬಡಿಯಿತು. ಇಂಜಿನ್ ಹಿಂದೆ ಇದೆ, ಅದಕ್ಕೇನೂ ಆಗಿಲ್ಲ, ಮನೆವರೆಗೆ ಓಡಿಸಿಕೊಂಡು ಹೋಗೋಣ ಅಂದೆ. ಅವನು ಬೇಡ ಅಂದ. ಇದರಲ್ಲಿ ಅಪಾಯ ಏನಿತ್ತು?
(ಓದುಗರು, ಸೋಮವಾರಪೇಟೆ)

ಉತ್ತರ: ನಿಮ್ಮ ಸ್ನೇಹಿತ ಬುದ್ಧಿವಂತ. ಇಂಜಿನ್ ಹಿಂದೆ ಇದ್ದರೂ ಇಂಥ ಹೆಚ್ಚಿನ ಕಾರುಗಳಲ್ಲಿ ನೀರಿನ ರೇಡಿಯೇಟರ್ ಮುಂದೆಯೇ ಇರುತ್ತದೆ, ಗಾಳಿ ಸಿಗುವುದು ಅಲ್ಲೇ ಅಲ್ವಾ? ಎಷ್ಟೋ ಕಾರಲ್ಲಿ ಮುಂದಿನ ಎರಡು ಮೂಲೆಗೆ ಒಂದೊಂದು. ಅಲ್ಲಿಂದ ಇಂಜಿನ್ನಿಗೆ ಕಾರಿನ ಹೊಟ್ಟೆಯ ಕೆಳಗೆ ಉದ್ದದ ಪೈಪು. ಮೂಲೆ ಬಡಿದರೆ ಕೂಲೆಂಟ್ ಸೋರುತ್ತದೆ. ಮಳೆಯಲ್ಲಿ ಆ ಸೋರಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸೋಮವಾರಪೇಟೆಗೆ ಏರು ಹತ್ತುವಷ್ಟರಲ್ಲಿ ಇಂಜಿನ್ ಬೆಂದಿರುತ್ತದೆ. ಅಪಘಾತ ಆದ ಮೇಲೆ ಓಡಿಸಿದ್ದರಿಂದ ಇಂಜಿನ್ ಕೆಟ್ಟಿತು ಅಂತ ಇನ್ಶೂರೆನ್ಸ್ ಸರ್ವೇಯರ್ ಬರೆದರೆ ಆ ಖರ್ಚು ನಿಮ್ಮ ತಲೆಗೇ.

ಗಾಡಿ ನಿಂತಲ್ಲೇ ಫೋಟೊ ತೆಗೆಯಿರಿ, ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿ, ಗಾಡಿಯನ್ನು ಮೇಲೇರಿಸಿಕೊಂಡು ಹೋಗುವ ಫ್ಲಾಟ್‌ಬೆಡ್ ಲಾರಿಯನ್ನೇ ಕರೆಸಿ. ನಮ್ಮ ಕಡೆ ಜೀಪು ಎಳೆಯುವ ಹಾಗೆ ಚೈನ್ ಸುತ್ತಿ ಎಳೆದರೆ ಕೆಳಗಿನ ಪೈಪೂ ಹೋಗುತ್ತದೆ. ಎಳೆಯಲು ತಿರುಗಿಸಿ ಹಾಕುವ ಕೊಂಡಿ ಟೂಲ್ ಕಿಟ್‌ನಲ್ಲಿರುತ್ತದೆ. ಯಾರಿಗಾದರೂ ಗಾಯ ಆಗಿದ್ದರೆ ಮೊದಲು ಆಸ್ಪತ್ರೆ, 24 ಗಂಟೆ ಒಳಗೆ ಪೊಲೀಸರಿಗೆ ತಿಳಿಸಬೇಕು, ಅದು ಕಾನೂನು. ರಿಪೇರಿ ಖರ್ಚು ಪಾಲಿಸಿಯಲ್ಲಿರುವ ಐಡಿವಿ (ಗಾಡಿಗೆ ಇನ್ಶೂರೆನ್ಸ್‌ನವರು ಕಟ್ಟಿದ ಬೆಲೆ) ಮೊತ್ತದ ಶೇ 75 ದಾಟಿದರೆ ಗಾಡಿಯನ್ನು ಪೂರ್ತಿ ನಷ್ಟ ಅಂತ ಲೆಕ್ಕ ಹಾಕುತ್ತಾರೆ. ಇಂಥ ಕಾರಿನಲ್ಲಿ ನೋಡುವುದಕ್ಕೆ ಸಣ್ಣದಾಗಿರುವ ಪೆಟ್ಟೂ ಅಲ್ಲಿಗೆ ಮುಟ್ಟಬಹುದು. ಬಡಿದದ್ದು ಮೋರಿ ಅಲ್ಲದೆ ಯಾರದಾದರೂ ತೋಟದ ಬೇಲಿ, ಕಾಂಪೌಂಡ್ ಆಗಿದ್ದರೆ, ಥರ್ಡ್ ಪಾರ್ಟಿ ಪಾಲಿಸಿಯಲ್ಲೇ ಆಸ್ತಿ ನಷ್ಟಕ್ಕೆ 7.5 ಲಕ್ಷ ರೂಪಾಯಿವರೆಗೆ ಇರುತ್ತದೆ. ಸ್ಥಳದಲ್ಲೇ ದುಡ್ಡು ಕೊಟ್ಟು ಮುಗಿಸುವ ಮೊದಲು ಅದನ್ನು ನೆನಪಿಟ್ಟುಕೊಳ್ಳಿ.

ಪ್ರಶ್ನೆ: ಮಳೆಗಾಲದಲ್ಲಿ ಟೈರಿನ ಗಾಳಿ ಕಮ್ಮಿ ಮಾಡಿದರೆ ಹಿಡಿತ ಜಾಸ್ತಿ ಅಂತ ನಮ್ಮ ಮಾವ ಹೇಳಿ 32 ಇದ್ದದ್ದನ್ನು 24ಕ್ಕೆ ಇಳಿಸಿದರು. ಮೈಸೂರು-ಬೆಂಗಳೂರು ಹೆದ್ದಾರಿಯಲ್ಲಿ ನೀರು ನಿಂತ ಜಾಗದಲ್ಲಿ ಕಾರು ತೇಲಿದ ಹಾಗಾಯಿತು, ಸ್ಟೇರಿಂಗ್ ಹಗುರವಾಯಿತು. ಕ್ರೂಸ್ ಕಂಟ್ರೋಲ್ 90ಕ್ಕೆ ಹಾಕಿದ್ದೆ. ಸಾಮಾನ್ಯ ಹ್ಯಾಚ್‌ಬ್ಯಾಕ್ ಕಾರು.
(ಓದುಗರು, ಸಿದ್ದಾಪುರ)

ಉತ್ತರ: ಮಾವನ ಮಾತು ಕೆಸರು ಗದ್ದೆಗೆ ಸರಿ, ಡಾಂಬರಿಗೆ ಉಲ್ಟಾ. ನೀರನ್ನು ಒತ್ತಿ ಹೊರಗೆ ತಳ್ಳುವುದು ಟೈರಿನೊಳಗಿನ ಗಾಳಿಯ ಒತ್ತಡ. 1960ರ ದಶಕದಲ್ಲಿ ನಾಸಾದವರು ವಿಮಾನದ ಟೈರ್ ಮೇಲೆ ಪ್ರಯೋಗ ಮಾಡಿ ಒಂದು ಸೂತ್ರ ಕೊಟ್ಟರು. ನೀರು ಗೀರಿಗಿಂತ ಆಳವಾಗಿದ್ದರೆ 32ರ ಒತ್ತಡದ ಟೈರ್ ಗಂಟೆಗೆ ಸುಮಾರು 94 ಕಿ.ಮೀ. ವೇಗದಲ್ಲಿ ಪೂರ್ತಿ ತೇಲುತ್ತದೆ. 24ಕ್ಕೆ ಇಳಿಸಿದರೆ ಅದೇ ಸೂತ್ರದಲ್ಲಿ 82. ಕಾರಿನ ಟೈರ್ ಇದಕ್ಕಿಂತ ಕಡಿಮೆ ವೇಗದಲ್ಲೂ ತೇಲಬಹುದು. ನೀವು ಹೋಗುತ್ತಿದ್ದದ್ದು 90ರಲ್ಲಿ.

ಮಳೆಯಲ್ಲಿ ಕ್ರೂಸ್ ಕಂಟ್ರೋಲ್ ಹಾಕಲೇಬೇಡಿ. ಹಾಕಿಟ್ಟಿದ್ದರೆ ಎದುರಿಗೆ ನೀರು ಕಂಡಾಗಲೂ ಕಾರು 90ರಲ್ಲೇ ನುಗ್ಗುತ್ತದೆ, ನಿಮ್ಮ ಕಾಲು ಪೆಡಲ್ ಮೇಲೇ ಇರುವುದಿಲ್ಲ. ತೇಲಿದಾಗ ಬ್ರೇಕ್ ಹೊಡೆಯದೆ, ಸ್ಟೇರಿಂಗ್ ನೆಟ್ಟಗೆ ಹಿಡಿದು, ಆಕ್ಸಿಲರೇಟರ್ ಮೆಲ್ಲನೆ ಬಿಡಿ. ಸ್ಟೇರಿಂಗ್ ಮತ್ತೆ ಭಾರವಾದಾಗ ಟೈರ್ ನೆಲ ಮುಟ್ಟಿದೆ ಅಂತ ಅರ್ಥ. ಸರಿಯಾದ ಒತ್ತಡ ಎಷ್ಟು ಅಂತ ಡ್ರೈವರ್ ಬಾಗಿಲು ತೆಗೆದರೆ ಸ್ಟಿಕ್ಕರ್ ಮೇಲೆ ಬರೆದಿರುತ್ತದೆ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು, ಟೈರ್ ತಣ್ಣಗಿರುವಾಗ ಅಷ್ಟು ಹಾಕಿಸಿ. ಮಾವ ಕೇಳಿದರೆ ಗ್ಯಾರೇಜಿನವರು ಜಾಸ್ತಿ ತುಂಬಿಸಿಬಿಟ್ಟರು ಅಂತ ನನ್ನ ಮೇಲೆ ಹಾಕಿ.